ಬಾಲವನದ ಮನೆ: ಕೋಟ ಶಿವರಾಮ ಕಾರಂತರ ಜೀವನ ವೃತ್ತಾಂತ

ಮನುಷ್ಯನು ಕಟ್ಟಿದ ಮನೆಯು ಅವನ ತರುವಾಯ ಸಾಮಾನ್ಯವಾಗಿ ಮಕ್ಕಳ ಪಾಲಿಗೆ ಹೋಗುವದು. ಇಲ್ಲವೆ ಸಾಲ ಕೊಟ್ಟವರ ಪಾಲಿಗೆ ಹೋಗುವದು. ಅವೆರಡೂ ಅಲ್ಲದಿದ್ದರೆ ಗೆದ್ದಲಿನ ಪಾಲಾಗುವದು. ಎಲ್ಲಿಯೋ ಒಂದು ಮನೆ ಮಾತ್ರ ಊರಿನವರೆಲ್ಲರ ಪಾಲಿಗೆ ಬರುವದು. ತಪ್ಪಿಹೋದ ಮಗನು ಮೊಣಕಾಲೂರಿ ತಂದೆಯ ಎದೆಗೆ ತಲೆಯಿಟ್ಟಿರುವ ಚಿತ್ರವನ್ನು ನಮ್ಮಲ್ಲಿ ಅನೇಕರು ಕಂಡಿರುವರು. ಅದನ್ನು ಬರೆದ ರೆಂಬ್ರಾಂಟ್ ಎಂಬ ಚಿತ್ರಕಾರನು ಹಾಲೆಂಡ್ ದೇಶದ ಆಮ್‌ಸ್ಟರ್‌ಡಾಮ್ ಪಟ್ಟಣದಲ್ಲಿ 1639ರಲ್ಲಿ ಒಂದು ದೊಡ್ಡ ಮನೆಯನ್ನು ಕೊಂಡುಕೊಂಡನು. ಸಾಲವು ಹೆಚ್ಚಿ, 1658ರಲ್ಲಿ ಆ ಮನೆಯು ಮಾರಲ್ಪಟ್ಟಿತು. ಅವನು ಬೇರೊಂದು ಸಣ್ಣ ಮನೆಯಲ್ಲಿದ್ದು 1669ರಲ್ಲಿ ತೀರಿಕೊಂಡನು. ಮನೆಯ ಒಡೆಯನನ್ನು ಹೊರಡಿಸಿದ ಅದೇ ಪಟ್ಟಣವು 1911ರಲ್ಲಿ ಅದೇ ಮನೆಯನ್ನು ವಸ್ತುಸಂಗ್ರಹಾಲಯವನ್ನಾಗಿ ಮಾಡಿ ಲೋಕಕ್ಕೆ ತೆರೆಯಿತು.

ಅಷ್ಟು ದೂರ ಹೋಗಿ ಆ ಮನೆಯನ್ನು ನೋಡುವ ಅನುಕೂಲ ನಮಗಿಲ್ಲ. ಆದರೆ ಅದರಂಥ ಒಂದು ಮನೆ ನಮ್ಮ ಕನ್ನಡ ಜಿಲ್ಲೆಯಲ್ಲಿಯೇ, ಪುತ್ತೂರಿನಲ್ಲಿ ಉಂಟು. ಅದು ಕೋಟ ಶಿವರಾಮ ಕಾರಂತರು ವಾಸಿಸಿದ ಬಾಲವನದ ಮನೆ. ಕಾರಂತರನ್ನು ಹೆಚ್ಚಿನವರು ಕಾದಂಬರಿಕಾರರೆಂದೇ ಬಲ್ಲರು. ಅವರು ಕುಂಚವನ್ನೂ ಹಿಡಿದವರು. 1930ರಷ್ಟು ಹಿಂದೆಯೇ ಭಾರತೀಯ ಚಿತ್ರಕಲೆಯ ವಿಷಯವಾಗಿ ಕನ್ನಡದಲ್ಲಿ ಗ್ರಂಥ ಬರೆದವರು. ಕುಣಿತ, ನಾಟಕ, ಮುದ್ರಣ, ಶಿಕ್ಷಣ ಎಲ್ಲದಕ್ಕೂ ಕೈ ಹಾಕಿದವರು. ಈಗ ಈ ವೃತ್ತಾಂತವನ್ನು ಬರೆಯುವದಕ್ಕೆ ಕಾರಣವಾದುದನ್ನು ಮೊದಲು ಹೇಳುವೆವು.

ವಂಡ್ಸೆಯ ಕಡೆಯ ನಮ್ಮ ಯುವಕರು ಸಂಜೆಯ ಕೂಟದಲ್ಲಿ ಕಾರಂತರ ಚೋಮನ ದುಡಿಯನ್ನು ಓದಿ ಮುಗಿಸಿದಾಗ, ಅವರಲ್ಲೊಬ್ಬನು ನಮ್ಮನ್ನು ಒಂದು ಮಾತು ಕೇಳಿದನು. ಆ ಪುಸ್ತಕದ ಬಡವನಿಗೆ ಗದ್ದೆ ಬೇಕಾಗಿರುವಾಗ, ಮತವನ್ನು ಬಿಟ್ಟು ಬಂದರೆ ಮಾತ್ರ ಗದ್ದೆ ಸಿಕ್ಕೀತೆಂದು ಅವನಿಗೆ ಹೇಗೆ ತೋರಿತು, ನಮ್ಮ ಹಿರಿಯರು ಹಾಗೆ ನಡೆದುಕೊಂಡದ್ದುಂಟೋ ಎಂಬದೇ ಆ ಪ್ರಶ್ನೆ. ನಾವು ಸೆಮಿನೆರಿಯಲ್ಲಿ ಕಲಿತ ಪಾಠಗಳಲ್ಲಿ ಇದಕ್ಕೆ ಸಿದ್ಧವಾದ ಉತ್ತರವಿರಲಿಲ್ಲ. ಆ ರಾತ್ರಿ ನಮಗೆ ಸರಿಯಾಗಿ ನಿದ್ರೆ ಬರಲಿಲ್ಲ. ಪುಸ್ತಕವನ್ನು ಬರೆದವರ ಮನೆಯನ್ನಾದರೂ ಎಲ್ಲರೂ ಕೂಡಿ ನೋಡಿ ಬರೋಣವೆಂದು ಮಾರನೆಯ ದಿನ ನಿಶ್ಚಯಿಸಿದೆವು. ಹೀಗೆ ನಾಲ್ವರು ಯುವಕರೂ, ಸಭೆಯ ಹಿರಿಯಳಾದ ಒಬ್ಬ ಅಜ್ಜಿಯೂ, ನಾವೂ ಒಂದು ಮುಂಜಾನೆ ಹೊರಟೆವು.

ವಂಡ್ಸೆಯಿಂದ ಹೆಮ್ಮಾಡಿಗೆ ಇಳಿದು, ಕುಂದಾಪುರವನ್ನು ದಾಟಿ ತೆಂಕಣಕ್ಕೆ ಸಾಗಿದರೆ, ಆ ದಾರಿಯೇ ಕಾರಂತರ ಜೀವನ ಚರಿತ್ರೆಯಂತಿರುವದು. ಕುಂದಾಪುರದಲ್ಲಿ ಅವರು ವಿದ್ಯಾರ್ಥಿಯಾಗಿದ್ದರು. ಮುಂದೆ ಸಿಗುವ ಕೋಟದಲ್ಲಿ ಅವರು 1902ನೆಯ ಇಸವಿ ಅಕ್ಟೋಬರ 10ರಂದು ಹುಟ್ಟಿದರು. ಅದರ ಮಗ್ಗುಲಲ್ಲಿರುವ ಸಾಲಿಗ್ರಾಮದಲ್ಲಿ ತಮ್ಮ ಕಡೆಯ ವರುಷಗಳನ್ನು ಕಳೆದರು. ಮಂಗಳೂರಿನಲ್ಲಿ ಕಾಲೇಜಿಗೆ ಹೋದರು, ಅದನ್ನು ಬಿಟ್ಟೂ ಬಂದರು. ಆ ಮೇಲೆ ಬಂಟ್ವಾಳ, ಮಾಣಿಗಳನ್ನು ದಾಟಿ ಪುತ್ತೂರನ್ನು ಸೇರಿದರೆ, ಅವರು ಸುಮಾರು ನಾಲ್ವತ್ತು ವರುಷ ದುಡಿದ ಸ್ಥಳಕ್ಕೆ ಬಂದಂತಾಯಿತು.

ಕೋಟದ ಬ್ರಾಹ್ಮಣ ಕುಟುಂಬವೊಂದರಲ್ಲಿ ಶೇಷ ಕಾರಂತರಿಗೂ ಲಕ್ಷ್ಮಮ್ಮನವರಿಗೂ ಹುಟ್ಟಿದ ಈ ಮಗನಿಗೆ ಓದಿ ಒಳ್ಳೆಯ ನೌಕರಿ ಹಿಡಿಯುವ ದಾರಿ ತೆರೆದಿತ್ತು. ಆದರೆ ಗಾಂಧಿಯವರ ಅಸಹಕಾರದ ಕರೆ ಬಂದಾಗ ಅವರು ಕಾಲೇಜನ್ನು ತೊರೆದರು. ಆಗ ಅವರ ವಯಸ್ಸು ಇಪ್ಪತ್ತರ ಆಸುಪಾಸು. ಖಾದಿಯನ್ನು ಪ್ರಚಾರ ಮಾಡುತ್ತಾ ಊರೂರು ತಿರುಗಿದರು. ‘ವಸಂತ’ ಎಂಬ ಪತ್ರಿಕೆಯನ್ನು ನಡಿಸಿದರು. ನಾಟಕಗಳನ್ನು ಬರೆದು ಆಡಿಸಿದರು. 1930ರ ಸುಮಾರಿಗೆ ‘ಡೊಮಿಂಗೊ’ ಎಂಬ ಮೂಕಚಿತ್ರವನ್ನು ತಯಾರಿಸಲಿಕ್ಕೂ ಕೈ ಹಾಕಿದರು. ಈ ಕೆಲಸಗಳಲ್ಲಿ ಹಣವು ಹೋದದ್ದೇ ಹೆಚ್ಚು, ಬಂದದ್ದು ಕಡಿಮೆ. ಒಂದು ಕೆಲಸವು ಕೆಟ್ಟರೆ ಅವರು ಅಲ್ಲಿಯೇ ಕೂತು ಅಳದೆ, ಇನ್ನೊಂದನ್ನು ಆರಂಭಿಸುವರು. ಇದು ಅವರ ಸ್ವಭಾವ.

ಪುತ್ತೂರಿನಲ್ಲಿ ಅವರಿಗೆ ಆಶ್ರಯವಾದವರು ಸಹಕಾರ ಸಂಘಗಳ ಕೆಲಸದಲ್ಲಿ ಹೆಸರಾದ ಮೊಳಹಳ್ಳಿ ಶಿವರಾಯರು. ನಮ್ಮ ಕುಂದಾಪುರ ಸೀಮೆಯ ಮೊಳಹಳ್ಳಿಯೆಂಬ ಊರಿನ ಹೆಸರನ್ನು ಧರಿಸಿದ್ದ ಈ ಹಿರಿಯರ ಬೆಂಬಲದಿಂದ ಪುತ್ತೂರಿನಲ್ಲಿ ನಾಡಹಬ್ಬಗಳು ನಡೆದವು. ದೂರದ ವಿದ್ವಾಂಸರು ಬಂದು ಉಪನ್ಯಾಸ ಮಾಡಿದರು. ಪಟ್ಟಣದ ಹೊರಗಿನ ಗುಡ್ಡದ ಮೇಲೆ ಕಾರಂತರು 1930ರ ದಶಕದಲ್ಲಿ ಬಾಲವನವನ್ನು ಸ್ಥಾಪಿಸಿದರು. ಆ ಕಾಲದ ಶಾಲೆಗಳಲ್ಲಿ ಬೆತ್ತವೇ ಮುಖ್ಯೋಪಾಧ್ಯಾಯನಾಗಿತ್ತೆಂದು ನಮ್ಮ ಹಿರಿಯರು ಹೇಳುತ್ತಿದ್ದರು. ಬಾಲವನದಲ್ಲಿ ಬೆತ್ತವಿರಲಿಲ್ಲ. ಮಕ್ಕಳು ಆಡುತ್ತಾ, ಹಾಡುತ್ತಾ, ಕುಣಿಯುತ್ತಾ, ಗಿಡಮರಗಳನ್ನೂ ಹಕ್ಕಿಗಳನ್ನೂ ನೋಡುತ್ತಾ ಕಲಿಯಬೇಕೆಂಬದು ಅವರ ಉದ್ದೇಶ. ಅಂಥ ಶಾಲೆಗೆ ಮಕ್ಕಳನ್ನು ಕಳುಹಿಸುವ ಧೈರ್ಯ ಹೆಚ್ಚು ಮಂದಿ ತಂದೆತಾಯಿಗಳಿಗೆ ಬರಲಿಲ್ಲ. ಶಾಲೆಯು ಬಹುಕಾಲ ನಿಲ್ಲಲಿಲ್ಲ. ಹೆಸರು ಮಾತ್ರ ಉಳಿಯಿತು.

ಶಾಲೆಗೆ ಬಾರದ ಮಕ್ಕಳ ಬಳಿಗೆ ಕಾರಂತರು ಪುಸ್ತಕದ ದ್ವಾರಾ ತಾವೇ ಹೋದರು. ‘ಬಾಲಪ್ರಪಂಚ’ವೆಂಬ ಮೂರು ಸಂಪುಟಗಳನ್ನು ಮಕ್ಕಳಿಗೋಸ್ಕರ ಸಿದ್ಧಪಡಿಸಿದರು, ಎಷ್ಟೋ ವರುಷಗಳ ತರುವಾಯ ದೊಡ್ಡವರಿಗಾಗಿ ‘ವಿಜ್ಞಾನ ಪ್ರಪಂಚ’ದ ನಾಲ್ಕು ಸಂಪುಟಗಳನ್ನು ಬರೆದರು. ಒಂದು ವಿದ್ವತ್ ಸಂಘವು ಕೂತು ಮಾಡತಕ್ಕ ಕೆಲಸವನ್ನು ಒಬ್ಬರೇ ಮಾಡಿದರು. ಕನ್ನಡಕ್ಕೆ ಒಂದು ಅರ್ಥಕೋಶವನ್ನೂ ರಚಿಸಿದರು. ಮಂಗಳೂರಿನಲ್ಲಿ 1894ರಲ್ಲಿ ಅಚ್ಚಾದ ಕಿಟ್ಟೆಲ್ ಪಾದ್ರಿಯವರ ನಿಘಂಟನ್ನು ಬಲ್ಲ ನಮ್ಮ ಸಭೆಗಳವರಿಗೆ, ಶಬ್ದಗಳನ್ನು ಒಂದೊಂದಾಗಿ ಆರಿಸಿ ಜೋಡಿಸುವ ಕೆಲಸವು ಎಂಥ ತಾಳ್ಮೆಯದೆಂದು ವಿವರಿಸಬೇಕಾಗಿಲ್ಲ.

1936ರಲ್ಲಿ ಅವರು ಬಂಟ ಕುಲದ ಲೀಲಾ ಆಳ್ವರನ್ನು ವಿವಾಹವಾದರು. ಜಾತಿಯನ್ನು ಮೀರಿದ ಮದುವೆಯೆಂದರೆ ಆ ಕಾಲದಲ್ಲಿ ಸಾಮಾನ್ಯ ಸಂಗತಿಯಲ್ಲ. ನಮ್ಮ ಸಭೆಗಳಲ್ಲಿ ಸಹ, ಒಂದೇ ರೊಟ್ಟಿಯಲ್ಲಿ ಪಾಲು ಹೊಂದುವ ನಾವು ಮಕ್ಕಳ ಮದುವೆಯ ಮಾತು ಬಂದಾಗ ಹಳೆಯ ಕುಲಗಳ ಲೆಕ್ಕವನ್ನು ಮೆಲ್ಲಗೆ ಹೊರಗೆ ತೆಗೆಯುವದುಂಟು. ಕಾರಂತರು ಯಾವ ಮತದ ಬೋಧನೆಯನ್ನೂ ಪ್ರಮಾಣವೆಂದು ಒಪ್ಪಿಕೊಂಡವರಲ್ಲ. ಅಂಥವರು ಸುಮ್ಮನೆ ಮಾಡಿ ತೋರಿಸಿದ್ದನ್ನು, ಒಪ್ಪಿಕೊಂಡಿರುವ ನಾವು ಇನ್ನೂ ಹಿಂದೆ ಮುಂದೆ ನೋಡುತ್ತಿರುವೆವಲ್ಲಾ ಎಂದು ನಾಚಬೇಕಾಗಿದೆ.

ಇನ್ನು ಚೋಮನ ದುಡಿಯ ಸಂಗತಿ. ಇದು 1933ರಲ್ಲಿ ಪ್ರಕಟವಾಯಿತು. ಚೋಮನು ಧಣಿಯ ಮೂಲದ ಆಳು. ಊರವರು ಮುಟ್ಟದ ಕುಲದವನು. ಅವನಿಗೆ ಒಂದು ಜೊತೆ ಎತ್ತುಗಳಿವೆ. ಉಳುವದಕ್ಕೆ ಗದ್ದೆ ಇಲ್ಲ. ತನ್ನದೆನ್ನುವ ಒಂದು ತುಂಡು ಗದ್ದೆಯನ್ನು ಒಕ್ಕಲಾಗಿ ಪಡೆದು ಉಳಬೇಕೆಂಬದೇ ಅವನ ಬಾಳಿನ ಆಶೆ. ಅವನ ಕುಲದವರು ನೇಗಿಲ ಹಿಡಿದು ಬೇಸಾಯಗಾರರಾಗುವ ಪದ್ಧತಿಯಿಲ್ಲವೆಂಬದರಿಂದ ಧಣಿಯ ಮನೆಯಲ್ಲಿ ಅದು ನಡೆಯುವದಿಲ್ಲ. ಅತ್ತ ಘಟ್ಟದ ಕಾಫಿತೋಟದ ಸಾಲವು ಕುತ್ತಿಗೆಗೆ ಬಿದ್ದಿದೆ. ಅದನ್ನು ತೀರಿಸಲು ಹೋದ ಹಿರಿಯ ಮಗನು ಜ್ವರದಿಂದ ಸಾಯುವನು. ಇನ್ನೊಬ್ಬ ಮಗನಾದ ಗುರುವನು ಕ್ರೈಸ್ತ ಹುಡುಗಿಯನ್ನು ಮೆಚ್ಚಿ ಅವಳ ಮತಕ್ಕೆ ಸೇರುವನು. ಮಗಳಾದ ಬೆಳ್ಳಿಯ ಮಾನವು ತೋಟದಲ್ಲಿ ಕೆಡುವದು. ಅದಕ್ಕೆ ಕಾರಣನಾದ ತೋಟದ ರೈಟರನಿಗೆ ಮನ್ವೇಲನೆಂದು ಹೆಸರು. ಹೀಗೆ ಕ್ರೈಸ್ತ ಹೆಸರನ್ನು ಧರಿಸಿದವನ ಕೈಯಿಂದಲೇ ಆ ಬಡ ಮನೆಗೆ ಅನ್ಯಾಯವಾಗುವದನ್ನು ಓದುವಾಗ ನಮ್ಮ ಯುವಕರು ತಲೆ ತಗ್ಗಿಸಿದರು.

ಚೋಮನ ಕಿರಿಯ ಮಗನಾದ ನೀಲನು ನೀರಿನಲ್ಲಿ ಮುಳುಗುವನು. ಎತ್ತಬಲ್ಲವರು ಸಮೀಪದಲ್ಲಿಯೇ ಇದ್ದರು. ಮುಟ್ಟಬಾರದ ಮಗುವೆಂದು ಎತ್ತುವದಿಲ್ಲ. ದಾರಿಯಲ್ಲಿ ಬಿದ್ದವನನ್ನು ನೋಡಿ ಓರೆಯಾಗಿ ಹೋದ ಯಾಜಕನ ಸಾಮ್ಯವನ್ನು ನಾವು ಎಷ್ಟು ಸಾರಿ ಬೋಧಿಸಿದ್ದೇವೆ! ಆದರೆ ಆ ಸಾಮ್ಯವು ನಮ್ಮ ಊರಿನ ಕೆರೆದಂಡೆಯಲ್ಲಿ ನಡೆದದ್ದನ್ನು ಕಂಡದ್ದು ಈ ಪುಸ್ತಕದಲ್ಲಿಯೇ.

ಪಾದ್ರಿಗಳ ಕಡೆಗೆ ಸೇರಿದರೆ ಉಳುವದಕ್ಕೆ ಭೂಮಿ ಸಿಕ್ಕೀತೆಂಬ ಆಶೆಯಿಂದ ಚೋಮನು ಒಂದು ದಿನ ಹೊರಡುವನು. ಆದರೆ ತನ್ನ ಹಿರಿಯರು ನಂಬಿದ ಪಂಜುರ್ಲಿಯನ್ನು ಬಿಟ್ಟುಹೋಗಲು ಅವನ ಮನಸ್ಸು ಒಪ್ಪದೆ ಹಿಂದಿರುಗುವನು. ಕಡೆಗೆ ಅವನಿಗೆ ಉಳಿಯುವದು ದುಡಿ ಮಾತ್ರ. ತನ್ನ ಗುಡಿಸಲಿನಲ್ಲಿ ಅದನ್ನು ಬಾರಿಸುತ್ತಾ ಬಾರಿಸುತ್ತಾ ಪ್ರಾಣ ಬಿಡುವನು. 1975ರಲ್ಲಿ ಬಿ. ವಿ. ಕಾರಂತರು ಇದನ್ನು ಚಲಚ್ಚಿತ್ರವಾಗಿ ತೆಗೆದಾಗ ಅದಕ್ಕೆ ರಾಷ್ಟ್ರದ ಶ್ರೇಷ್ಠ ಚಿತ್ರವೆಂಬ ಪ್ರಶಸ್ತಿ ಬಂತು.

ಈಗ ನಮ್ಮ ಯುವಕನ ಪ್ರಶ್ನೆಗೆ ಬರುವೆವು. ಬಾಸೆಲ್ ಮಿಶನಿನವರು 1834ರಲ್ಲಿ ಮಂಗಳೂರಿಗೆ ಬಂದರು. ಆ ಕಾಲದಲ್ಲಿ ಸಭೆಗೆ ಸೇರಿದವರಿಗೆ ಭೂಮಿ ಸಿಗುವದು ಹಾಗಿರಲಿ, ಇದ್ದ ಮನೆಯೂ ಕೆಲಸವೂ ತಪ್ಪಿಹೋಗುತ್ತಿದ್ದವು. ಹಾಗೆ ಹೊರಗೆ ಹಾಕಲ್ಪಟ್ಟವರಿಗೆ ಅನ್ನದ ದಾರಿ ಬೇಕೆಂದೇ ಮಗ್ಗದ ಕೆಲಸವೂ, 1865ರಲ್ಲಿ ಜೆಪ್ಪುವಿನ ಹೆಂಚಿನ ಕಾರ್ಖಾನೆಯೂ ಆರಂಭವಾದವು. ಇದು ಒಂದು ಪಕ್ಕದ ಸತ್ಯ. ಇನ್ನೊಂದು ಪಕ್ಕದ ಸತ್ಯವೇನೆಂದರೆ, ಹೊರಗೆ ನಿಂತು ನೋಡುವ ಹಸಿದವನಿಗೆ ಅನ್ನವೂ ಉಪದೇಶವೂ ಒಂದೇ ಕೈಯಲ್ಲಿ ಇರುವಂತೆ ಕಾಣುವದು. ಒಂದನ್ನು ತೆಗೆದುಕೊಳ್ಳದೆ ಇನ್ನೊಂದು ಸಿಗದೆಂದು ಅವನು ತಿಳಿದರೆ ತಪ್ಪು ಅವನದಲ್ಲ. ಚೋಮನು ಹಿಂದಿರುಗಿದ್ದನ್ನು ನಾವು ಮೊದಲು ಓದಿದಾಗ, ಒಂದು ಆತ್ಮವು ತಪ್ಪಿಹೋಯಿತೆಂದು ವ್ಯಸನಪಟ್ಟೆವು. ಈಗ ಹಾಗೆ ಹೇಳಲಾರೆವು. ಗದ್ದೆಗಾಗಿ ತನ್ನ ದೈವವನ್ನು ಮಾರದವನು, ನಾಳೆ ಬೇರೆ ಯಾರಾದರೂ ಎರಡು ಗದ್ದೆ ಕೊಟ್ಟರೂ ತನ್ನ ನಂಬಿಕೆಯನ್ನು ಮಾರುವವನಲ್ಲ. ಅಂಥ ಸತ್ಯವಂತನು ಬಾಗಿಲ ಬಳಿಯವರೆಗೆ ಬಂದದ್ದು ಯಾವ ಕಾರಣಕ್ಕೆಂದು ನಾವೇ ದುಃಖಪಡಬೇಕು.

ಇದನ್ನು ಬರೆಯುವಾಗ ನಮ್ಮದೊಂದು ತಪ್ಪನ್ನು ಮರೆಮಾಡುವದು ಸರಿಯಲ್ಲ. ನಾವು ಉಪದೇಶಿಯ ಕೆಲಸಕ್ಕೆ ಸೇರಿದ ಮೊದಲನೆಯ ವರುಷದಲ್ಲಿ ಒಂದು ಕೇರಿಯ ಮುದುಕನು ನಮ್ಮ ಬಳಿಗೆ ಬಂದು, ಮನೆ ನಿವೇಶನಕ್ಕಾಗಿ ಒಂದು ಅರ್ಜಿಯನ್ನು ಬರೆದುಕೊಡಬೇಕೆಂದು ಬೇಡಿಕೊಂಡನು. ನಾವು ಅವನಿಗೆ ಆದಿತ್ಯವಾರ ಪ್ರಾರ್ಥನೆಗೆ ಬರಹೇಳಿ, ಅರ್ಜಿಯ ವಿಷಯವನ್ನು ಆ ಮೇಲೆ ನೋಡೋಣವೆಂದು ಕಳುಹಿಸಿದೆವು. ಅವನು ಆ ಆದಿತ್ಯವಾರವೂ ಬರಲಿಲ್ಲ, ಮತ್ತೆಂದೂ ಬರಲಿಲ್ಲ. ಅರ್ಜಿ ಬರೆಯುವದಕ್ಕೆ ಹಿಡಿಯುತ್ತಿದ್ದದ್ದು ಕಾಲು ತಾಸು. ಆ ಕಾಲು ತಾಸನ್ನು ನಾವು ಬೆಲೆ ಕಟ್ಟಿ ಮಾರಲಿಕ್ಕೆ ನೋಡಿದೆವು. ಚೋಮನ ಕಥೆಯಲ್ಲಿ ನಮ್ಮನ್ನು ಚುಚ್ಚಿದ ಮುಳ್ಳು ಇದೇ.

ಕಾರಂತರ ಮುಂದಿನ ಜೀವಿತವನ್ನು ಸಂಕ್ಷೇಪವಾಗಿ ಹೇಳುವೆವು. ಬಾಲವನದಿಂದ ಅವರು ಒಂದರ ಹಿಂದೆ ಒಂದಾಗಿ ಕಾದಂಬರಿಗಳನ್ನು ಬರೆದರು; ಒಟ್ಟು ಲೆಕ್ಕವು ನಾಲ್ವತ್ತನ್ನು ಮೀರುವದು. ‘ಮರಳಿ ಮಣ್ಣಿಗೆ’ಯಲ್ಲಿ ನಮ್ಮ ಕೋಟ ಸೀಮೆಯ ಕಡಲತಡಿಯ ಮೂರು ತಲೆಮಾರಿನ ಬಾಳನ್ನೂ, ಅದರೊಳಗಿನ ಹೆಂಗಸರ ಮೂಕ ದುಡಿತವನ್ನೂ ಚಿತ್ರಿಸಿದರು. ‘ಬೆಟ್ಟದ ಜೀವ’ವು 1943ರಲ್ಲಿ ಹೊರಬಂತು. ಬರೆದದ್ದನ್ನು ಪ್ರಕಟಿಸುವ ಹೊರೆಯನ್ನೂ ಬಹುಕಾಲ ತಾವೇ ಹೊತ್ತರು.

ನಮ್ಮ ಬಡಗು ಸೀಮೆಯ ಯಕ್ಷಗಾನಕ್ಕೆ ಅವರು ಮಾಡಿದ ಸೇವೆ ದೊಡ್ಡದು. ಹಳೆಯ ಭಾಗವತರನ್ನೂ ವೇಷಧಾರಿಗಳನ್ನೂ ಹುಡುಕಿ, ರಾಗತಾಳಗಳನ್ನೂ ವೇಷಭೂಷಣಗಳನ್ನೂ ಪರಿಶೋಧಿಸಿ ‘ಯಕ್ಷಗಾನ ಬಯಲಾಟ’ವೆಂಬ ಗ್ರಂಥವನ್ನು ಬರೆದರು. ಇದಕ್ಕೆ 1959ರಲ್ಲಿ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂತು. ವೇಷದ ಬಣ್ಣಗಳನ್ನೂ ಬಟ್ಟೆಯ ಅಂಚುಗಳನ್ನೂ ಚಿತ್ರಕಾರನ ಕಣ್ಣಿನಿಂದ ನೋಡಿ, ಕೆಟ್ಟದ್ದನ್ನು ತಿದ್ದಿ, ತಾವೇ ಮೇಳವನ್ನು ಕಟ್ಟಿ ಪರದೇಶಗಳಲ್ಲಿಯೂ ಆಡಿಸಿದರು. ಅವರು ಮಾಡಿದ ಬದಲಾವಣೆಗಳನ್ನು ಒಪ್ಪದವರೂ ನಮ್ಮ ಸೀಮೆಯಲ್ಲಿ ಇದ್ದರು.

ಸರಕಾರವು ಅವರಿಗೆ ಪದ್ಮಭೂಷಣವೆಂಬ ಗೌರವವನ್ನು ಕೊಟ್ಟಿತ್ತು. 1975ರಲ್ಲಿ ದೇಶದಲ್ಲಿ ತುರ್ತು ಪರಿಸ್ಥಿತಿಯು ಘೋಷಿಸಲ್ಪಟ್ಟು ಜನರ ಬಾಯಿ ಕಟ್ಟಲ್ಪಟ್ಟಾಗ, ಅವರು ಅದನ್ನು ಹಿಂದಕ್ಕೆ ಕೊಟ್ಟುಬಿಟ್ಟರು. 1968ರಲ್ಲಿ ಬಂದ ‘ಮೂಕಜ್ಜಿಯ ಕನಸುಗಳು’ ಎಂಬ ಕಾದಂಬರಿಗೆ 1977ನೆಯ ಸಾಲಿನ ಜ್ಞಾನಪೀಠ ಪ್ರಶಸ್ತಿ ಲಭಿಸಿತು. ಸಾಲಿಗ್ರಾಮಕ್ಕೆ ಬಂದ ಮೇಲೂ ವಿಶ್ರಾಂತಿಯನ್ನು ಅಪೇಕ್ಷಿಸಲಿಲ್ಲ. ಕೈಗಾದಲ್ಲಿ ಅಣುವಿದ್ಯುತ್ತಿನ ಸ್ಥಾವರವು ಬರಬಾರದೆಂದು ಹೋರಾಡಿದರು. 1989ರಲ್ಲಿ, ಎಂಬತ್ತೇಳನೆಯ ವಯಸ್ಸಿನಲ್ಲಿ, ಕಾಡನ್ನೂ ನೀರನ್ನೂ ಕಾಪಾಡಬೇಕೆಂಬ ಮಾತನ್ನು ಮುಂದಿಟ್ಟು ಉತ್ತರ ಕನ್ನಡದಿಂದ ಲೋಕಸಭೆಯ ಚುನಾವಣೆಗೆ ನಿಂತರು, ಸೋತರು. ಸೋಲು ಅವರಿಗೆ ಹೊಸತಲ್ಲ. ತೊಂಬತ್ತು ದಾಟಿದ ಮೇಲೆಯೂ ಹಕ್ಕಿಗಳ ವಿಷಯವಾಗಿ ಬರೆಯುತ್ತಿದ್ದು, 1997ನೆಯ ಇಸವಿ ದಶಂಬರ 9ರಂದು ಮಣಿಪಾಲದಲ್ಲಿ ಪ್ರಾಣ ಬಿಟ್ಟರು.

ಅವರು ಬಿಟ್ಟುಬಂದ ಬಾಲವನವು ಸರಕಾರದ ವಶವಾಯಿತು. ಮನೆಯು ಜೀರ್ಣವಾಗಿತ್ತು, ಮಳೆಗಾಲಗಳು ಅದನ್ನು ತಿಂದಿದ್ದವು. ಈಚಿನ ವರುಷಗಳಲ್ಲಿ ಅದನ್ನು ಹಳೆಯ ರೂಪ ಕೆಡದಂತೆ ಸರಿಪಡಿಸಿ, ಜನರು ನೋಡತಕ್ಕ ಸ್ಥಳವನ್ನಾಗಿ ಮಾಡಿರುವರು. ನಾವು ಅಲ್ಲಿಗೆ ಸೇರಿದಾಗ ಮಧ್ಯಾಹ್ನವಾಗಿತ್ತು. ಮರಗಳ ನೆರಳಿನಲ್ಲಿ ಹೆಂಚಿನ ಮನೆಯು ತಣ್ಣಗಿತ್ತು. ಅರಮನೆಯ ವೈಭವವನ್ನು ಹುಡುಕುವವನು ಇಲ್ಲಿ ನಿರಾಶೆಗೊಳ್ಳುವನು. ನಮ್ಮ ಕಡೆಯ ಒಬ್ಬ ಮಧ್ಯಮ ಬೇಸಾಯಗಾರನ ಮನೆಗಿಂತ ಇದು ಹೆಚ್ಚಿನದಲ್ಲ. ಯುವಕರು ಕೆರಗಳನ್ನು ಹೊರಗೆ ಬಿಟ್ಟು, ಮಾತಾಡದೆ ಒಂದೊಂದು ಕೋಣೆಯಾಗಿ ನೋಡಿ ಬಂದರು. ಮಕ್ಕಳು ಕುಣಿದು ಕಲಿಯಬೇಕೆಂದು ಕಟ್ಟಿದ ನಾಟ್ಯಶಾಲೆಯನ್ನೂ ನೋಡಿದೆವು.

ಅಜ್ಜಿಯು ಜಗಲಿಯಲ್ಲಿಯೇ ಕೂತಿದ್ದಳು. ಅವಳಿಗೆ ಓದು ಬಾರದು. ಚೋಮನ ಕಥೆಯನ್ನು ಮೊಮ್ಮಕ್ಕಳ ಬಾಯಿಂದ ಕೇಳಿದ್ದಳು. ಕಡೆಗಾದರೂ ಅವನಿಗೆ ಗದ್ದೆ ಸಿಕ್ಕಿತೋ ಎಂದು ನಮ್ಮನ್ನು ಕೇಳಿದಳು. ಕಥೆಯಲ್ಲಿ ಸಿಗಲಿಲ್ಲವೆಂದು ನಾವು ಹೇಳಿ, 1974ರ ಭೂಸುಧಾರಣೆಯ ಕಾಯಿದೆಯಿಂದ ಉಳುವವನೇ ಒಡೆಯನಾದ ಸಂಗತಿಯನ್ನು ವಿವರಿಸಿದೆವು. ಅಜ್ಜಿಯು ಸ್ವಲ್ಪ ಹೊತ್ತು ಸುಮ್ಮನಿದ್ದು, ಅದು ಗೇಣಿ ಚೀಟು ಇದ್ದ ಒಕ್ಕಲಿಗೆ ಬಂದ ಭಾಗ್ಯವೆಂದೂ, ತನ್ನ ಅಪ್ಪನು ಗೇಣಿಯವನಲ್ಲ, ಬರಿಯ ಆಳು, ಆದುದರಿಂದ ಅವನಿಗೆ ಏನೂ ದೊರೆಯಲಿಲ್ಲವೆಂದೂ ಹೇಳಿದಳು. ಅದರಲ್ಲಿ ದೂರು ಇರಲಿಲ್ಲ. ಮಳೆ ಬಂತು, ಹೋಯಿತು ಎನ್ನುವ ಹಾಗೆ ಹೇಳಿದಳು. ಪ್ರಶ್ನೆ ಕೇಳಿದ್ದ ಯುವಕನು ಅವಳ ಮೊಮ್ಮಗನೇ. ಅವನು ಬಂದು ಅವಳ ಪಕ್ಕದಲ್ಲಿ ಕೂತುಕೊಂಡನು.

ಪ್ರಿಯರೇ, ಕಾರಂತರು ನಮ್ಮ ಸಭೆಯವರಲ್ಲ. ಅವರನ್ನು ನಮ್ಮವರನ್ನಾಗಿ ಮಾಡಿಕೊಳ್ಳಲು ಪ್ರಯತ್ನಿಸುವದು ಅವರಿಗೂ ಸತ್ಯಕ್ಕೂ ಅನ್ಯಾಯ. ಆದರೆ ಆಹಾಬನು ನಾಬೋತನ ತೋಟವನ್ನು ಕಸಿದುಕೊಂಡ ಚರಿತ್ರೆಯನ್ನು ಓದುವ ನಾವು, ತೋಟವೇ ಇಲ್ಲದ ಚೋಮನನ್ನು ನಮ್ಮ ನೆರೆಯಲ್ಲಿ ಕಾಣದೆ ಹೋದೆವು, ಅವರು ಕಂಡರು. ಕಂಡದ್ದನ್ನು ಧಣಿಗಾಗಲಿ ಪಾದ್ರಿಗಾಗಲಿ ಅಂಜದೆ ಬರೆದರು. ಅವರ ಶಾಲೆ ಮುಚ್ಚಿತು, ಅವರ ಚುನಾವಣೆ ಸೋತಿತು, ಅವರ ಮನೆಯೂ ಒಮ್ಮೆ ಹಾಳು ಬಿತ್ತು. ಆ ಕಾಣುವ ಕಣ್ಣು ಮಾತ್ರ ಪುಸ್ತಕಗಳಲ್ಲಿ ಉಳಿದು, ಇಂದು ನಮ್ಮಂಥವರನ್ನು ವಂಡ್ಸೆಯಿಂದ ಪುತ್ತೂರಿಗೆ ಎಬ್ಬಿಸಿಕೊಂಡು ಬಂತು.

ಹಿಂದಿರುಗುವಾಗ ಕೋಟವನ್ನು ದಾಟುವಷ್ಟರಲ್ಲಿ ಕತ್ತಲಾಗಿತ್ತು. ಮುಂದಿನ ಸೋಮವಾರದಿಂದ ವಾರಕ್ಕೊಂದು ಸಂಜೆ ನಮ್ಮ ಯುವಕರು ಕೇರಿಗೆ ಹೋಗಿ, ಯಾರಿಗೆ ಅರ್ಜಿ ಬೇಕೋ ಅವರಿಗೆ ಬರೆದುಕೊಡುತ್ತಿರುವರು. ಬಂದವನು ಯಾವ ದೇವರಿಗೆ ಕೈ ಮುಗಿಯುವನೆಂದು ಅಲ್ಲಿ ಯಾರೂ ಕೇಳುವದಿಲ್ಲ. ಮೊದಲನೆಯ ಸಂಜೆ ನಾವೂ ಹೋಗಿ, ಆ ಹಳೆಯ ಮುದುಕನ ಮನೆಯನ್ನು ವಿಚಾರಿಸಿದೆವು. ಅವನು ತೀರಿಹೋಗಿ ಬಹಳ ವರುಷಗಳಾಗಿದ್ದವು. ಅವನ ಮಗನ ಅರ್ಜಿಯನ್ನು ನಾವೇ ಬರೆದೆವು. ಹಿಡಿದದ್ದು ಕಾಲು ತಾಸು.